ಮಿಕ್ಕ ತುಂಡಿನ ಪ್ರಮಾಣಶಾಸ್ತ್ರ

ವಿಷಯ

ಜಾರ್ಜಿಯಾ ರಾಜ್ಯದ ಫೋರ್ಸೈತ್ ಕೌಂಟಿಗೆ ಕಮ್ಮಿಂಗ್ ಮುಖ್ಯಪಟ್ಟಣ. ಅಟ್ಲಾಂಟಾದಿಂದ 400ನೇ ಹೆದ್ದಾರಿ ಹಿಡಿದು ಉತ್ತರಕ್ಕೆ ಬಂದರೆ ಸಿಗುವ ಈ ಊರಿನ ಒಂದು ಕನ್ನಡ ಮನೆಯ ಗ್ಯಾರೇಜಿನಲ್ಲಿ, ಬಡಾವಣೆ ಸಂಘದವರ ಕಣ್ಣಿಗೆ ಬೀಳದಂತೆ ಬಾಗಿಲು ಅರ್ಧ ಇಳಿಸಿ, ಶನಿವಾರದ ಉಪ್ಪಿಟ್ಟಿನ ನಂತರ, 2014ರ ಟೊಯೋಟಾ ಸಿಯೆನ್ನಾ ವ್ಯಾನಿನ ಆಯಿಲ್ ಬದಲಾಯಿಸಲಾಯಿತು. ಹಳೆಯದು ಇಳಿಯಿತು, ಹೊಸದು 6.1 ಲೀಟರ್ ಏರಿತು. ಯಜಮಾನರು ಕೈ ಒರೆಸಿಕೊಳ್ಳುವ ಹೊತ್ತಿಗೆ ನೆಲದ ಮೇಲೆ ಎರಡು ವಸ್ತುಗಳು ಮಿಕ್ಕಿದ್ದವು: ಹೆಬ್ಬೆರಳುದ್ದದ ಪ್ಲಾಸ್ಟಿಕ್ ಕೊಳವೆ ಒಂದು, ಸಣ್ಣ ರಬ್ಬರ್ ರಿಂಗು ಒಂದು.

ಸಂಶಯ

ಇವು ವ್ಯಾನಿನ ಅಂಗಗಳೋ, ಅಲ್ಲವೋ? ಹೌದಾದರೆ ಸೋಮವಾರ ಆಫೀಸಿಗೆ ಹೋಗುವುದೆಂತು? ಅಲ್ಲವಾದರೆ ಬಂದದ್ದೆಲ್ಲಿಂದ?

ಪೂರ್ವಪಕ್ಷ

ಪ್ರತ್ಯಕ್ಷವಾದಿಗಳಾದ ಯಜಮಾನರು ಟಾರ್ಚ್ ಹಿಡಿದು ಮತ್ತೆ ವ್ಯಾನಿನಡಿ ತೂರಿದರು. ಎಲ್ಲ ಸರಿಯಾಗೇ ಇದೆ ಎಂದು ಸಾರಿದರು. ಕೊಳವೆ ಇದ್ದಲ್ಲೇ ಇತ್ತು.

ಪಕ್ಕದ ಮನೆಯ ದಾವಣಗೆರೆಯವರದು ಅನುಮಾನ ಪ್ರಮಾಣ. ಹೊಗೆಯಿದ್ದಲ್ಲಿ ಬೆಂಕಿ, ಸ್ಟಾರ್ಟ್ ಮಾಡಿ, ಹೊಗೆ ಬಂದರೆ ಏನೋ ಬಿಟ್ಟುಹೋಗಿದೆ ಎಂದೇ ಅರ್ಥ ಎಂದರು. ಹೊಗೆ ಬಂತು. ಒಳಗೆ ಹುರಿಯುತ್ತಿದ್ದ ಬ್ಯಾಡಗಿ ಮೆಣಸಿನಕಾಯಿಯದು. ತರ್ಕಶಾಸ್ತ್ರದಲ್ಲಿ ಇದು ಹೇತ್ವಾಭಾಸ.

ಮನೆಯಾಕೆ ಉಪಮಾನ ಹಿಡಿದರು: “ಪಾಪುಗೆ ಔಷಧಿ ಹಾಕೋ ಸಿರಿಂಜ್ ಥರಾನೇ ಇದೆಯಲ್ರೀ!” ಹಸುವನ್ನು ಬಲ್ಲವನು ಕಾಡಿನಲ್ಲಿ ಗವಯವನ್ನು ಗುರುತಿಸುವ ನೈಯಾಯಿಕರ ಉದಾಹರಣೆಗೆ ಇದು ಸರಿಸಾಟಿ. ದುರದೃಷ್ಟಕ್ಕೆ ಸಿರಿಂಜು ಡ್ರಾದಲ್ಲೇ ಸಿಕ್ಕಿತು.

ಉಳಿದದ್ದು ಶಬ್ದ, ಅಂದರೆ ಆಪ್ತವಾಕ್ಯ. ಹಾಸನದಿಂದ ಬಂದಿದ್ದ ಮಾವನವರು ಬಸ್ ಡಿಪೋದ ನಿವೃತ್ತ ಮೆಕ್ಯಾನಿಕ್. “ನೋಡಿ ಅಳಿಯಂದ್ರೇ, ಬಿಚ್ಚಿ ಕಟ್ಟಿದ ಮೇಲೆ ಎರಡು ತುಂಡು ಮಿಗದಿದ್ರೆ ಅದು ರಿಪೇರಿನೇ ಅಲ್ಲ” ಎಂದು ಕಾಫಿಗೆ ಎದ್ದರು.

ಸಿದ್ಧಾಂತ

ನೈಯಾಯಿಕರ ಈ ನಾಲ್ಕು ಪ್ರಮಾಣಗಳು ಸಾಲವೆಂದು ಭಾಟ್ಟ ಮೀಮಾಂಸಕರು ಇನ್ನೆರಡು ಸೇರಿಸಿದ್ದು ಕಮ್ಮಿಂಗಿನ ಗ್ಯಾರೇಜನ್ನು ಮುಂಗಂಡೇ ಇರಬೇಕು. ಒಂದು, ಅನುಪಲಬ್ಧಿ: ಕಾಣದಿರುವುದರಿಂದ ಇಲ್ಲವೆಂದು ತಿಳಿಯುವುದು. ಎಂಜಿನ್ ಓಡಿದ ಮೇಲೂ ಕೆಳಗೆ ಹಾಸಿದ ರಟ್ಟಿನ ಮೇಲೆ ಹನಿ ಕಾಣದು. ಆದ್ದರಿಂದ ಸೋರಿಕೆ ಇಲ್ಲ. ಇನ್ನೊಂದು, ಅರ್ಥಾಪತ್ತಿ: ದೇವದತ್ತ ಹಗಲಲ್ಲಿ ಉಣ್ಣುವುದಿಲ್ಲ, ಆದರೂ ದಪ್ಪಗಿದ್ದಾನೆ, ರಾತ್ರಿ ಉಣ್ಣುತ್ತಾನೆ ಎನ್ನದೆ ಗತಿಯಿಲ್ಲ. ಹಾಗೆಯೇ, ಕೆಳಗೆ ಟ್ರೇ ಇಟ್ಟಿತ್ತು, ಆದರೂ ಯಜಮಾನರ ಮೊಣಕೈವರೆಗೆ ಆಯಿಲ್ ಇಳಿದಿದೆ. ಫಿಲ್ಟರಿನ ಆಯಿಲ್ ಬಸಿಯದೆ ಮುಚ್ಚಳ ತಿರುಗಿಸಿದರು ಎನ್ನದೆ ಗತಿಯಿಲ್ಲ.

ಈ 3.5 ಲೀಟರ್ ಎಂಜಿನ್ನಿನಲ್ಲಿ ಕಾಗದದ ಫಿಲ್ಟರು ಮುಚ್ಚಳದೊಳಗೆ ಕೂತಿರುತ್ತದೆ. ಮುಚ್ಚಳದ ತಳದಲ್ಲೊಂದು ಸಣ್ಣ ಪ್ಲಗ್. ಅದನ್ನು ಬಿಚ್ಚಿ ಈ ಕೊಳವೆಯನ್ನು ಒತ್ತಿದರೆ ಸ್ಪ್ರಿಂಗ್ ವಾಲ್ವ್ ತೆರೆದು ಆಯಿಲ್ ಕೊಳವೆಯಲ್ಲೇ ಇಳಿದು ಟ್ರೇ ಸೇರುತ್ತದೆ. ಆಮೇಲೆ ಮುಚ್ಚಳ. ಮತ್ತೆ ಜೋಡಿಸುವಾಗ ದೊಡ್ಡ ರಿಂಗು ಮುಚ್ಚಳಕ್ಕೆ, ಸಣ್ಣದು ಪ್ಲಗ್ಗಿಗೆ; ಬಿಗಿ ಮುಚ್ಚಳಕ್ಕೆ 25 ನ್ಯೂಟನ್ ಮೀಟರ್, ಪ್ಲಗ್ಗಿಗೆ 13. ಪ್ಲಗ್ಗನ್ನು ಮುಟ್ಟದೆ ನೇರ ಮುಚ್ಚಳಕ್ಕೇ ಕೈಹಾಕಿದವರಿಗೆ ಕೊಳವೆಯೂ ಸಣ್ಣ ರಿಂಗೂ ಜೊತೆಯಾಗಿ ಮಿಗುತ್ತವೆ, ಒಂದಕ್ಕೊಂದು ಸಾಕ್ಷಿ.

ಆದ್ದರಿಂದ ನಿರ್ಣಯ: ಮಿಕ್ಕಿದ್ದು ವ್ಯಾನಿನಿಂದ ಬಿದ್ದದ್ದಲ್ಲ, ಹೊಸ ಫಿಲ್ಟರಿನ ಪೆಟ್ಟಿಗೆಯಲ್ಲಿ ಬಂದದ್ದು. ರಿಂಗು ಹಳೆಯದರ ಬದಲಿಗೆ, ಕೊಳವೆ ಬರೀ ಉಪಕರಣ. ಮೂಲಗ್ರಂಥವಾದ ಪೆಟ್ಟಿಗೆ ಅಷ್ಟರಲ್ಲಿ ಕಸದ ಡಬ್ಬಿ ಸೇರಿತ್ತು.

ಪ್ರಯೋಜನ

ಇದನ್ನು ತಿಳಿದವನು ವ್ಯಾನನ್ನು ಎರಡನೇ ಸಲ ಬಿಚ್ಚುವುದಿಲ್ಲ. ಮುಂದಿನ ಫಿಲ್ಟರಿನ ಜೊತೆ ಇನ್ನೊಂದು ಕೊಳವೆ ಬರುವುದರಿಂದ ಇದನ್ನು ಎಸೆಯಬಹುದೆಂದು ಯುಕ್ತಿ ಹೇಳುತ್ತದೆ. ಆದರೆ ‘ಇರ್ಲಿ, ಯಾವುದಕ್ಕಾದ್ರೂ ಬರುತ್ತೆ’ ಎಂಬ ಗೃಹಸೂತ್ರವು ಯುಕ್ತಿಗಿಂತ ಬಲವತ್ತರ. ಅದರಂತೆ ಕೊಳವೆಯು ಹಳೇ ಚಾರ್ಜರು, ಐಕಿಯಾ ಸ್ಕ್ರೂಗಳಿರುವ ಡ್ರಾಗೆ ಸಂದಿತು. ಈ ಪ್ರಬಂಧವನ್ನು ಓದಿದವರ ಮೊಣಕೈ ಶುಭ್ರವಾಗಿರಲಿ. ಓದಿಯೂ ಪ್ಲಗ್ ಬಿಚ್ಚದವರಿಗೆ ಮಾವನವರ ಮತವೇ ಗತಿ.