ಹಳೆ ಮ್ಯಾಸಿಗೆ ಗೇರ್ ಹಾಕುವ ಕ್ರಮ

ಅಭಿನಂದನೆಗಳು! ಮೂವರು ಮಾಲೀಕರ ಕೈದಾಟಿ, ಒಂದೆರಡು ಸಲ ಇಂಜಿನ್ ಬೋರಿಗೆ ಬಂದು, ಲೆಕ್ಕವಿಲ್ಲದಷ್ಟು ಕ್ಲಚ್ ಪ್ಲೇಟು ತಿಂದಿರುವ ಮ್ಯಾಸಿ 1035 ಟ್ರ್ಯಾಕ್ಟರ್ ಈಗ ನಿಮ್ಮ ಕಣದಲ್ಲಿ ನಿಂತಿದೆ. ಕಂಪನಿಯವರು ಕೊಟ್ಟಿದ್ದ ಪುಸ್ತಕ ಮೊದಲನೇ ಮಾಲೀಕರ ಮನೆಯಲ್ಲೇ ಒಲೆ ಸೇರಿರುವುದರಿಂದ ಅದರ ಬದಲಿಗೆ ಈ ಕೈಪಿಡಿ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ತಾಲ್ಲೂಕುಗಳ ನೆಲ ನೋಡಿ ಬರೆದದ್ದು ಇದು. ಮಲೆನಾಡಿನವರು ಇದನ್ನೋದಿ ಗಾಡಿಯನ್ನು ಗದ್ದೆಯಲ್ಲಿ ಹೂತರೆ ನಾವು ಹೊಣೆಯಲ್ಲ.

ಶುರು ಮಾಡುವ ಮುಂಚೆ ಒಂದು ಮಾತು. ನಿಮಗೆ ಕಾರು ಓಡಿಸಲು ಬರುತ್ತದೆ ಎಂಬ ಸಂಗತಿಯನ್ನು ಈ ಗಾಡಿಯ ಎದುರು ಹೇಳಿಕೊಳ್ಳಬೇಡಿ. ಕಾರಿನಲ್ಲಿ ಹೊರಟ ಮೇಲೆ ಗೇರ್ ಬದಲಾಯಿಸುತ್ತಾರೆ; ಇಲ್ಲಿ ಗೇರ್ ತೀರ್ಮಾನ ಮಾಡಿಕೊಂಡು ಆಮೇಲೆ ಹೊರಡುತ್ತಾರೆ. ಬೆಂಗಳೂರಿನಿಂದ ಹಬ್ಬಕ್ಕೆ ಬಂದ ಅಳಿಯಂದಿರು ಮುಗ್ಗರಿಸುವುದು ಈ ಒಂದೇ ಕಡೆ.

ಗಾಡಿಯ ಕುಲಗೋತ್ರ

ಐರ್ಲೆಂಡಿನ ಹ್ಯಾರಿ ಫರ್ಗುಸನ್ ಎಂಬಾತ ಟ್ರ್ಯಾಕ್ಟರಿನ ಹಿಂದೆ ಮೂರು ಕಡೆ ಸಿಕ್ಕಿಸಿ, ಹೈಡ್ರಾಲಿಕ್ ಲಿಫ್ಟಿನಿಂದ ನೇಗಿಲು ಎತ್ತಿ ಇಳಿಸುವ ಏರ್ಪಾಟು ಕಂಡುಹಿಡಿದ. ಅವನ ಬೂದು ಬಣ್ಣದ ಪುಟ್ಟ ಗಾಡಿ 1946ರಿಂದ ಇಂಗ್ಲೆಂಡಿನ ಕಾವೆಂಟ್ರಿಯಲ್ಲಿ ತಯಾರಾಗುತ್ತಿತ್ತು. 1953ರಲ್ಲಿ ಅವನ ಕಂಪನಿ ಕೆನಡಾದ ಮ್ಯಾಸಿ-ಹ್ಯಾರಿಸ್ ಜೊತೆ ಸೇರಿತು. ಎವರೆಸ್ಟ್ ಹತ್ತಿದ ಎಡ್ಮಂಡ್ ಹಿಲರಿ ಆಮೇಲೆ ಅದೇ ಬಗೆಯ ಫರ್ಗುಸನ್ನುಗಳಿಗೆ ಪಟ್ಟಿ ಕಟ್ಟಿಸಿ, 1958ರ ಜನವರಿ 4ರಂದು ದಕ್ಷಿಣ ಧ್ರುವ ಮುಟ್ಟಿದ. ನಮ್ಮ ಕಡೆಗೆ ಈ ವಂಶ ಬಂದದ್ದು ಮದ್ರಾಸಿನ ಟಾಫೆ ಮೂಲಕ. ಆ ಕಂಪನಿ ಶುರುವಾದದ್ದು 1960ರಲ್ಲಿ. ಧ್ರುವದ ಹಿಮ ದಾಟಿದ ಕುಲದ ಗಾಡಿ ಭರಮಸಾಗರದ ಎರೆಯಲ್ಲಿ ಒಂದು ಮಳೆಗೇ ಅಚ್ಚುಮಟ ಹೂತುಕೊಂಡರೆ ಬೇಜಾರು ಮಾಡಿಕೊಳ್ಳಬೇಡಿ. ಹಿಲರಿಗೆ ಎರೆಮಣ್ಣು ಸಿಕ್ಕಿರಲಿಲ್ಲ.

ಮಹೀಂದ್ರ ಬಿ-275 ಇರುವವರೂ ಎಚ್‌ಎಂಟಿ ಇರುವವರೂ ಈ ಕೈಪಿಡಿಯನ್ನು ಅಲ್ಲಿ ಇಲ್ಲಿ ತಿದ್ದಿಕೊಂಡು ಬಳಸಬಹುದು. ಎಚ್‌ಎಂಟಿ ಅಂದರೆ ನಮ್ಮ ಮದುವೆ ಗಂಡುಗಳ ಕೈಗೆಲ್ಲ ವಾಚು ಕಟ್ಟಿದ ಬೆಂಗಳೂರಿನ ಅದೇ ಕಂಪನಿ. 1971ರಿಂದ ಹರಿಯಾಣದ ಪಿಂಜೋರಿನಲ್ಲಿ ಝೆಟರ್ ತಂತ್ರಜ್ಞಾನದ ಟ್ರ್ಯಾಕ್ಟರ್ ಮಾಡುತ್ತಿತ್ತು. 2016ರಲ್ಲಿ ಆ ಕಾರ್ಖಾನೆ ಮುಚ್ಚುವ ತೀರ್ಮಾನವಾಯಿತು. ಗಾಡಿಗಳು ಮಾತ್ರ ಇನ್ನೂ ಓಡುತ್ತಿವೆ.

ಎರಡು ಲಿವರು, ಆರು ಗೇರು

ಸೀಟಿನ ಮೇಲೆ ಕೂತರೆ ಮೊಣಕಾಲುಗಳ ನಡುವೆ ಎರಡು ಲಿವರು ಎದ್ದು ನಿಂತಿರುತ್ತವೆ. ದೊಡ್ಡದು ಮುಖ್ಯ ಗೇರಿನದು: ಮುಂದಕ್ಕೆ ಮೂರು, ಹಿಂದಕ್ಕೆ ಒಂದು. ಸಣ್ಣದು ಹೈ-ಲೋ. ಯಾವ ಗೇರ್ ಎಲ್ಲಿದೆ ಎಂದು ಗುಂಡಿಯ ಮೇಲಿನ ಚಿತ್ರದಲ್ಲಿ ನೋಡಿ. ಚಿತ್ರ ಸವೆದುಹೋಗಿದ್ದರೆ ಹಿಂದಿನ ಮಾಲೀಕರನ್ನು ಕೇಳಿ. ಅವರು ಬಾಯಲ್ಲಿ ಹೇಳಲಾರರು, ಗಾಳಿಯಲ್ಲಿ ಕೈ ಆಡಿಸಿ ತೋರಿಸುತ್ತಾರೆ. ಅದೇ ಸರಿಯಾದ ಚಿತ್ರ.

ಮೂರು ಗೇರಿಗೆ ಎರಡು ಹದ, ಒಟ್ಟು ಆರು. ದುರ್ಗದ ಕೋಟೆಯ ಸುತ್ತಿಗಿಂತ ಒಂದು ಕಡಿಮೆ. ಲೋಗೆ ಹಾಕಿದರೆ ವೇಗ ಸುಮಾರು ಕಾಲು ಪಾಲಿಗೆ ಇಳಿಯುತ್ತದೆ, ಎಳೆಯುವ ಕಸುವು ಅಷ್ಟೇ ಏರುತ್ತದೆ. ಹೊಸಬರಿಗೆ ಗೊಂದಲ ಆಗುವುದು ಇಲ್ಲೇ. ಲೋ ಮೂರನೆಯದು ಹೈ ಒಂದನೆಯದಕ್ಕಿಂತ ನಿಧಾನ. ಲೋ ಒಂದು, ಎರಡು, ಮೂರು ಮುಗಿದ ಮೇಲೇ ಹೈ ಒಂದು ಶುರು. ಲೋ ಒಂದರಲ್ಲಿ ಗಾಡಿ ಗಂಟೆಗೆ ಎರಡು ಕಿಲೋಮೀಟರ್ ತೆವಳುತ್ತದೆ. ಪಕ್ಕದಲ್ಲಿ ನಡೆಯುವ ಅಜ್ಜಿ ಮುಂದೆ ಹೋಗಿ ಕಾಯುತ್ತಾರೆ. ಹೈ ಮೂರರಲ್ಲಿ 24ರ ಆಸುಪಾಸು. ಸುಮಾರು 1,700 ಕೆಜಿ ಕಬ್ಬಿಣಕ್ಕೆ, ಅದೂ ಹಿಂದಿನ ಚಕ್ರಕ್ಕೆ ಮಾತ್ರ ಬ್ರೇಕ್ ಇರುವ ಕಬ್ಬಿಣಕ್ಕೆ, ಅಷ್ಟು ಧಾರಾಳ ಸಾಕು.

ಸ್ಟಾರ್ಟ್ ಮಾಡುವುದು

ಎರಡು ಲಿವರೂ ನ್ಯೂಟ್ರಲ್ಲಿನಲ್ಲಿರಬೇಕು. ಕಾವೆಂಟ್ರಿಯ ಫರ್ಗುಸನ್ನಿನಲ್ಲಿ ಗೇರ್ ಲಿವರನ್ನೇ ಒಂದು ಗೊತ್ತಾದ ಜಾಗಕ್ಕೆ ತಳ್ಳಿದರೆ ಸೆಲ್ಫ್ ಹೊಡೆಯುತ್ತಿತ್ತು. ಹಾಗಾಗಿ ಗೇರಿನಲ್ಲಿರುವಾಗ ಸ್ಟಾರ್ಟ್ ಆಗುವ ಮಾತೇ ಇರಲಿಲ್ಲ. ನಿಮ್ಮ ಗಾಡಿಗೂ ಅಂಥದೊಂದು ಸ್ವಿಚ್ ಇತ್ತು ಅಂತಿಟ್ಟುಕೊಂಡರೂ, ಸುಗ್ಗಿಯ ಮಧ್ಯೆ ಅದು ಕೆಟ್ಟಾಗ ಯಾರೋ ವೈರ್ ಕತ್ತರಿಸಿ ನೇರ ಕೊಟ್ಟಿರುತ್ತಾರೆ. ಕೆಲವರು ಕೆಳಗೆ ನಿಂತು ಸ್ಟಾರ್ಟರಿಗೆ ಸ್ಕ್ರೂಡ್ರೈವರ್ ಇಟ್ಟು ಕಿಡಿ ಹಾರಿಸುತ್ತಾರೆ. ಗಾಡಿ ಗೇರಿನಲ್ಲಿದ್ದರೆ ಹಾಗೆ ನಿಂತವರ ಮೇಲೇ ಹಿಂದಿನ ಚಕ್ರ ಹತ್ತುತ್ತದೆ. ಈ ಒಂದು ವಾಕ್ಯ ತಮಾಷೆಗೆ ಬರೆದದ್ದಲ್ಲ.

ಬ್ಯಾಟರಿ ಸತ್ತಿದ್ದರೆ ಇಳಿಜಾರಿನ ಪದ್ಧತಿ. ಹೈ ಮೂರನೇ ಗೇರ್ ಹಾಕಿ, ಕ್ಲಚ್ ತುಳಿದುಕೊಂಡೇ ಗಾಡಿಯನ್ನು ಉರುಳಲು ಬಿಟ್ಟು, ಓಟ ಬಂದ ಕೂಡಲೇ ಕ್ಲಚ್ ಬಿಡುವುದು. ಸಣ್ಣ ಗೇರ್ ಹಾಕಿದರೆ ಚಕ್ರ ಕಚ್ಚಿ ಎಳೆದಾಡುತ್ತದೆ, ಇಂಜಿನ್ ತಿರುಗುವುದಿಲ್ಲ. ಯಾವ ಊರಿನಲ್ಲೇ ಆಗಲಿ, ಆಂಜನೇಯನ ಗುಡಿಯ ಪಕ್ಕದ ದಿಬ್ಬದ ಮೇಲೆ ಎರಡು ಹಳೆ ಟ್ರ್ಯಾಕ್ಟರು ಮೂತಿ ಕೆಳಗೆ ಮಾಡಿ ನಿಂತಿದ್ದರೆ ಅದು ಭಕ್ತಿಯಿಂದಲ್ಲ.

ನಿಲ್ಲಿಸುವುದನ್ನೂ ಈಗಲೇ ಕಲಿತುಬಿಡಿ. ಕೀಲಿ ತಿರುಗಿಸಿದರೆ ಡೀಸೆಲ್ ಇಂಜಿನ್ ನಿಲ್ಲುವುದಿಲ್ಲ. ಬಂದ್ ಮಾಡುವ ಗುಂಡಿ ಹಿಡಿದು ಎಳೆಯಬೇಕು. ಆ ಗುಂಡಿ ಮುರಿದ ಜಾಗದಲ್ಲಿ ಒಂದು ಸಣಬಿನ ದಾರ ನೇತಾಡುತ್ತಿರುತ್ತದೆ. ಅದೇ.

ಗೇರ್ ಹಾಕುವುದು

ಎಡಗಾಲಿನಿಂದ ಕ್ಲಚ್ ತುಳಿಯಿರಿ. ಪೂರ್ತಿ. ಈಗ ಏನೂ ಮಾಡಬೇಡಿ.

ಈ ಏನೂ ಮಾಡದಿರುವ ಎರಡು ಮೂರು ಸೆಕೆಂಡೇ ಇಡೀ ವಿದ್ಯೆ. ಇದು ಜಾರುವ ಹಲ್ಲುಗಳ ಗೇರ್‌ಬಾಕ್ಸ್. ಈಗಿನ ಕಾರಿನಲ್ಲಿ ಎರಡು ಚಕ್ರಗಳ ವೇಗವನ್ನು ಸರಿದೂಗಿಸಿ ಕೂಡಿಸುವ ಮಧ್ಯಸ್ಥ ಒಬ್ಬನಿರುತ್ತಾನೆ, ಇಲ್ಲಿ ಅವನಿಲ್ಲ. ಕ್ಲಚ್ ತುಳಿದ ಮೇಲೂ ಒಳಗಿನ ಶಾಫ್ಟು ಹಿಂದಿನ ರಭಸಕ್ಕೆ ತಿರುಗುತ್ತಲೇ ಇರುತ್ತದೆ. ಅದು ನಿಲ್ಲುವ ಮುಂಚೆ ಲಿವರ್ ತಳ್ಳಿದರೆ ತಿರುಗುವ ಹಲ್ಲಿಗೆ ನಿಂತ ಹಲ್ಲು ತಾಗಿ, ಮೂರು ಹೊಲದಾಚೆ ಕಳೆ ಕೀಳುವವರೂ ತಲೆಯೆತ್ತಿ ನೋಡುವಂಥ ಸದ್ದು ಬರುತ್ತದೆ. ಆಗ ಬದುವಿನ ಮೇಲಿಂದ ‘ಮೆಲ್ಲಗೆ ಹಾಕಲೇ, ಅದೇನು ಮುರಿದುಬೀಳ್ತದಾ!’ ಎಂಬ ಸಲಹೆಯೂ ಬರುತ್ತದೆ. ಸಲಹೆ ಕೊಟ್ಟವರು ನಿಮ್ಮ ಸೋದರಮಾವ ಆಗಿರುತ್ತಾರೆ. ಅವರಿಗೆ ಸೈಕಲ್ಲೂ ಬರುವುದಿಲ್ಲ. ಆದರೆ ಹೇಳಿದ್ದು ಸರಿ.

ಕೆಲವೊಮ್ಮೆ ಇದಕ್ಕೆ ಉಲ್ಟಾ ಆಗುತ್ತದೆ. ಎಲ್ಲ ನಿಂತಿದೆ, ಸದ್ದಿಲ್ಲ, ಗೇರೂ ಬೀಳುತ್ತಿಲ್ಲ. ಹಲ್ಲಿನ ನೆತ್ತಿಗೆ ಹಲ್ಲಿನ ನೆತ್ತಿ ಕೂತಿದೆ ಎಂದರ್ಥ. ಬಲ ಹಾಕಬೇಡಿ. ಲಿವರ್ ನ್ಯೂಟ್ರಲ್ಲಿಗೆ ತಂದು, ಕ್ಲಚ್ಚನ್ನು ಒಂದು ಕೂದಲೆಳೆ ಬಿಟ್ಟು, ಮತ್ತೆ ತುಳಿದು, ಕಾದು, ಹಾಕಿ. ಅಂಗೈಯಿಂದ ತಳ್ಳಬಾರದು, ಎರಡು ಬೆರಳಲ್ಲಿ ಗುಂಡಿ ಹಿಡಿದು ಒತ್ತು ಕೊಟ್ಟರೆ ಹಲ್ಲು ಕೂತ ‘ಟಕ್’ ಬೆರಳಿಗೆ ಮೊದಲು ಗೊತ್ತಾಗುತ್ತದೆ, ಕಿವಿಗೆ ಆಮೇಲೆ. ಹಳೆ ಡ್ರೈವರುಗಳು ಗೇರ್ ಹಾಕುವಾಗ ಕೆಳಗೆ ನೋಡುವುದಿಲ್ಲ. ಆಚೆ ಹೊಲದ ಜೋಳ ಹೇಗೆ ಬಂದಿದೆ ಅಂತ ನೋಡುತ್ತಿರುತ್ತಾರೆ.

ನಿಮ್ಮದು ಎರಡು ಹಂತದ ಕ್ಲಚ್ ಆಗಿದ್ದರೆ ಅರ್ಧ ತುಳಿದಾಗ ಗಾಡಿ ನಿಲ್ಲುತ್ತದೆ, ಪೂರ್ತಿ ತುಳಿದಾಗ ಹಿಂದೆ ಯಂತ್ರ ತಿರುಗಿಸುವ ಪಿಟಿಓ ಶಾಫ್ಟೂ ನಿಲ್ಲುತ್ತದೆ. ಒಕ್ಕಣೆ ಯಂತ್ರ ಹಾಕಿಕೊಂಡಾಗ ಈ ವ್ಯತ್ಯಾಸ ಕಾಲಿಗೆ ಗೊತ್ತಿರಬೇಕು. ಗೇರ್ ಹಾಕಿಯಾದ ಮೇಲೆ ಪೆಡಲಿನ ಮೇಲಿಂದ ಕಾಲು ತೆಗೆಯಿರಿ. ಕಾಲು ಅಲ್ಲೇ ಒರಗಿಸಿಕೊಂಡು ಓಡಿಸುವವರಿಂದ ದುರ್ಗದ ಎಷ್ಟೋ ಮೆಕ್ಯಾನಿಕ್ಕುಗಳ ಮಕ್ಕಳು ಇಂಜಿನಿಯರಿಂಗ್ ಓದಿದ್ದಾರೆ.

ಯಾವ ನೆಲಕ್ಕೆ ಯಾವ ಗೇರು

ಹೊಲದಲ್ಲಿ ಹೊರಟ ಮೇಲೆ ಗೇರ್ ಬದಲಾಯಿಸುವ ಆಸೆ ಬಿಡಿ. ಕಲ್ಟಿವೇಟರಿನ ಹಲ್ಲು ಮಣ್ಣಿನಲ್ಲಿರುವಾಗ ಕ್ಲಚ್ ತುಳಿದರೆ ಗಾಡಿ ಗೇಣು ದೂರದಲ್ಲಿ ನಿಂತುಬಿಡುತ್ತದೆ. ಹಾಗಾಗಿ ಗಾಡಿ ಹತ್ತುವ ಮುಂಚೆ ಇಳಿದು, ಒಂದು ಹಿಡಿ ಮಣ್ಣೆತ್ತಿ ಹಿಚುಕಿ ನೋಡಬೇಕು. ಗೇರ್ ತೀರ್ಮಾನವಾಗುವುದು ಅಲ್ಲಿ. ಲಿವರಿನದು ಬರೀ ಸಹಿ ಹಾಕುವ ಕೆಲಸ.

ಭರಮಸಾಗರದ ಕಡೆಯ ಎರೆ, ಹಿರಿಯೂರಿನ ಈರುಳ್ಳಿ ಬೆಳೆಯುವ ಎರೆ: ಒಣಗಿದ್ದರೆ ಕಲ್ಲು, ನೆಂದರೆ ಅಂಟು. ಹದ ಬಂದ ದಿನ ಕಲ್ಟಿವೇಟರಿಗೆ ಲೋ ಮೂರು ಹಾಕಿದರೆ ಲಗುಬಗೆಯಲ್ಲಿ ಆಗುತ್ತದೆ. ಮೊದಲ ಸಲ ಆಳಕ್ಕೆ ನೇಗಿಲು ಹಾಕುತ್ತಿದ್ದರೆ ಲೋ ಎರಡಕ್ಕೆ ಇಳಿಯಿರಿ. ಹದಕ್ಕೆ ಮುಂಚೆಯೇ ಇಳಿಸಿದರೆ ಚಕ್ರಕ್ಕೆ ಮಣ್ಣು ಮೆತ್ತಿ ಟೈರಿನ ಕಟ್ಟು ಮುಚ್ಚಿಹೋಗುತ್ತದೆ. ಆಗ ಯಾವ ಗೇರ್ ಹಾಕಿದರೂ ಗಾಡಿ ಅಲ್ಲೇ ತಿರುಗಿ ತನ್ನ ಗುಂಡಿ ತಾನೇ ತೋಡಿಕೊಳ್ಳುತ್ತದೆ. ಅಂಥ ಹೊತ್ತಿಗೆ ರೇಸ್ ಕೊಟ್ಟಷ್ಟೂ ಗುಂಡಿ ಆಳ.

ಹೊಸದುರ್ಗದ ಗರಸು ನೆಲ ಬೇರೆಯದೇ ಪಾಠ. ಅಲ್ಲಿ ಮಣ್ಣು ಗಾಡಿಯನ್ನು ಬಿಡುತ್ತದೆ, ಕಲ್ಲು ಬಿಡುವುದಿಲ್ಲ. ವೇಗದಲ್ಲಿ ಹೊರಟು ಹಲ್ಲು ಕಲ್ಲಿಗೆ ಸಿಕ್ಕರೆ ಕಲ್ಟಿವೇಟರಿನ ಸ್ಪ್ರಿಂಗು ಕಿತ್ತುಬರುತ್ತದೆ. ಲೋ ಎರಡೇ ಲೇಸು. ತೆಂಗಿನ ತೋಟದಲ್ಲಿ ಇನ್ನೂ ಮೆಲ್ಲಗೆ, ಇನ್ನೂ ಮೇಲ್ಮೇಲೆ, ಬೇರು ಬುಡದಿಂದ ದೂರ ಹಬ್ಬಿರುತ್ತದೆ. ಹೊಳಲ್ಕೆರೆಯ ಅಡಿಕೆ ತೋಟದೊಳಕ್ಕೆ ಮ್ಯಾಸಿ ನುಗ್ಗಿಸುವವರಿಗೆ ಈ ಕೈಪಿಡಿಯಲ್ಲಿ ಗೇರ್ ಇಲ್ಲ. ಸಾಲಿನ ನಡುವೆ ಗಾಡಿ ಹೋಗುತ್ತದೆ, ಸಾಲಿನ ಕೊನೆಯಲ್ಲಿ ತಿರುಗುವುದಿಲ್ಲ. ಅಲ್ಲಿಗೆ ಮಿನಿ ಟ್ರ್ಯಾಕ್ಟರ್ ಬಾಡಿಗೆಗೆ ತನ್ನಿ. ನಿಮ್ಮ ಗಾಡಿ ಭೀಮಸಮುದ್ರಕ್ಕೆ ಅಡಿಕೆ ಮೂಟೆ ಹೊರಲಿ.

ರಿವರ್ಸ್

ಟ್ರೇಲರ್ ಬಿಚ್ಚಿಟ್ಟು ಕಲಿಯಿರಿ. ಟ್ರೇಲರ್ ಸಮೇತ ಹಿಂದಕ್ಕೆ ಬಿಡುವುದನ್ನು ಬರೆದು ಕಲಿಸಲು ಬರುವುದಿಲ್ಲ.

ರಸ್ತೆ ಮತ್ತು ಇಳಿಜಾರು

ಓಡುವಾಗಲೇ ಗೇರ್ ಬದಲಾಯಿಸುವ ಶೋಕಿ ಇದ್ದರೆ ಅದು ರಸ್ತೆಯಲ್ಲಿ ಮಾತ್ರ. ಕ್ಲಚ್ ತುಳಿದು ನ್ಯೂಟ್ರಲ್ಲಿಗೆ ತಂದು, ಕ್ಲಚ್ ಬಿಟ್ಟು, ಮತ್ತೆ ತುಳಿದು ಮುಂದಿನದಕ್ಕೆ ಹಾಕುವ ಎರಡು ತುಳಿತದ ವಿದ್ಯೆ ಅದು. ಕೆಳಗಿನ ಗೇರಿಗೆ ಬರುವಾಗ ನಡುವೆ ಒಂಚೂರು ರೇಸ್ ಕೊಟ್ಟು ಒಳಗಿನ ಶಾಫ್ಟಿನ ವೇಗ ಏರಿಸಬೇಕು. ಹಳೆ ಲಾರಿ ಓಡಿಸಿದವರಿಗೆ ಇದು ಕೈಗೆ ಬಂದಿರುತ್ತದೆ. ಉಳಿದವರು ನಿಲ್ಲಿಸಿಯೇ ಹಾಕಿ, ಮರ್ಯಾದೆಗೇನೂ ಕಡಿಮೆಯಿಲ್ಲ.

ಏರು ಹತ್ತುವ ಮುಂಚೆ, ಇಳಿಯುವ ಮುಂಚೆ, ಕೆಳಗಿನ ಗೇರ್ ಹಾಕಿಕೊಳ್ಳಿ. ಅರ್ಧ ಇಳಿದ ಮೇಲೆ ನೆನಪಾಗಿ ಕ್ಲಚ್ ತುಳಿದರೆ ಇಂಜಿನ್ನಿನ ಹಿಡಿತ ಹೋಯಿತು, ಹೊಸ ಗೇರೂ ಬೀಳಲಿಲ್ಲ. ಹಿಂದಿನಿಂದ ತುಂಬಿದ ಟ್ರೇಲರ್ ದಬ್ಬುತ್ತದೆ. ಡೀಸೆಲ್ ಉಳಿಸಲು ನ್ಯೂಟ್ರಲ್ಲಿನಲ್ಲಿ ಇಳಿಯುವವರು ಉಳಿಸುವುದು ಕಾಲು ಲೀಟರ್. ರಸ್ತೆಗೆ ಬರುವಾಗ ಎರಡು ಬ್ರೇಕ್ ಪೆಡಲುಗಳನ್ನೂ ಕೊಂಡಿ ಹಾಕಿ ಜೋಡಿಸಿ. ಹೊಲದಲ್ಲಿ ತಿರುಗಿಸಲು ಬಿಚ್ಚಿದ್ದನ್ನು ಮರೆತು ಒಂದೇ ತುಳಿದರೆ ಗಾಡಿ ಆ ಕಡೆಗೇ ಗಕ್ಕನೆ ತಿರುಗಿ ಪಲ್ಟಿ. 2022ರಲ್ಲಿ ಮಾರಿಕಣಿವೆ, ಅಂದರೆ ವಾಣಿವಿಲಾಸ ಸಾಗರ, 1933ರ ನಂತರ ಮೊದಲ ಸಲ ಕೋಡಿ ಬಿದ್ದಾಗ ಸುತ್ತಲ ಸೀಮೆಯ ಜನ ಸಿಕ್ಕ ಗಾಡಿ ಹತ್ತಿ ನೋಡಲು ಹೊರಟಿದ್ದರು. ಇನ್ನೊಮ್ಮೆ ಅಂಥ ಸಂಭ್ರಮ ಬಂದರೆ ಬಸ್ಸಿನಲ್ಲಿ ಹೋಗಿ. ಮಡ್‌ಗಾರ್ಡಿನ ಮೇಲೆ ಯಾರನ್ನೂ, ಗೇರ್ ಹೇಳಿಕೊಡುವ ಮಾವನನ್ನೂ, ಕೂರಿಸಬೇಡಿ.

ದೋಷ ಮತ್ತು ಪರಿಹಾರ

ಗೇರ್ ಕಿರುಗುಟ್ಟುತ್ತದೆ: ನೀವು ಕಾಯಲಿಲ್ಲ. ಕಾದರೂ ಕಿರುಗುಟ್ಟುತ್ತದೆ: ಕ್ಲಚ್ ಪೂರ್ತಿ ಬಿಡುತ್ತಿಲ್ಲ, ಪೆಡಲಿನ ಆಟ ಸರಿಮಾಡಿಸಿ. ಓಡುವಾಗ ಗೇರ್ ತಾನೇ ಜಿಗಿದು ನ್ಯೂಟ್ರಲ್ಲಿಗೆ ಬರುತ್ತದೆ: ಹಲ್ಲು ಸವೆದಿದೆ. ಹಿಂದಿನ ಮಾಲೀಕರು ಲಿವರನ್ನು ರಬ್ಬರ್ ಟ್ಯೂಬಿನಿಂದ ಸೀಟಿಗೆ ಕಟ್ಟಿ ಓಡಿಸುತ್ತಿದ್ದರು. ಗಾಡಿ ನೋಡಲು ಬಂದ ದಿನ ಆ ಟ್ಯೂಬು ಯಾಕಿದೆ ಎಂದು ನೀವು ಕೇಳಬೇಕಿತ್ತು.

ಆಯಿಲ್ ಬಿಳಿಚಿದೆ: ನೀರು ಸೇರಿದೆ. ಈ ವಂಶದಲ್ಲಿ ಗೇರ್‌ಬಾಕ್ಸಿಗೂ ಲಿಫ್ಟಿಗೂ ಒಂದೇ ಆಯಿಲ್. ಗೇರ್ ಲಿವರಿನ ಬುಡದ ರಬ್ಬರ್ ಹರಿದು ಮಳೆ ಇಳಿದರೆ ಕೊನೆಗೆ ನೇಗಿಲು ಎತ್ತುವುದೂ ನಿಲ್ಲುತ್ತದೆ. ಒಂದು ತುಂಡು ರಬ್ಬರಿಗೆ ಚೌಕಾಸಿ ಮಾಡಬೇಡಿ.

ಎರಡು ಗೇರ್ ಒಟ್ಟಿಗೆ ಬಿದ್ದಿವೆ, ಲಿವರ್ ಸಡಿಲವಾಗಿ ಅತ್ತಿತ್ತ ಆಡುತ್ತದೆ, ಕ್ಲಚ್ ಬಿಟ್ಟರೆ ಇಂಜಿನ್ ಸಾಯುತ್ತದೆ: ಲಿವರಿನ ತುದಿ ಸವೆದು ಒಳಗಿನ ಕಚ್ಚಿನಿಂದ ಆಚೆ ಜಾರಿದೆ. ಹೆದರಬೇಡಿ. ಇಂಜಿನ್ ಬಂದ್ ಮಾಡಿ, ಚಕ್ರಕ್ಕೆ ಕಲ್ಲು ಕೊಟ್ಟು, ಲಿವರಿನ ಬುಡದ ಮುಚ್ಚಳದ ಬೋಲ್ಟು ಬಿಚ್ಚಿ ಎತ್ತಿ. ಒಳಗೆ ಆಯಿಲಿನಲ್ಲಿ ಪಕ್ಕಪಕ್ಕದಲ್ಲಿ ಕಬ್ಬಿಣದ ಪಟ್ಟಿಗಳು ಮಲಗಿರುತ್ತವೆ, ಒಂದೊಂದಕ್ಕೂ ಒಂದು ಕಚ್ಚು. ಎಲ್ಲ ಕಚ್ಚುಗಳೂ ಒಂದೇ ಸಾಲಿಗೆ ಬಂದರೆ ನ್ಯೂಟ್ರಲ್. ದಪ್ಪ ಸ್ಕ್ರೂಡ್ರೈವರಿನಿಂದ ಮುಂದೆ ಹೋದದ್ದನ್ನು ಹಿಂದಕ್ಕೆ ಮೀಟಿ, ಸಾಲಿಗೆ ತಂದು, ಮುಚ್ಚಳ ಕೂರಿಸಿ. ಬಿಚ್ಚಿದ ಬೋಲ್ಟುಗಳನ್ನು ಜೇಬಿಗೆ ಹಾಕಿಕೊಳ್ಳಿ. ಮಡ್‌ಗಾರ್ಡಿನ ಮೇಲಿಟ್ಟರೆ ಅವು ಗೇರ್‌ಬಾಕ್ಸಿನೊಳಗೇ ಬೀಳುತ್ತವೆ, ಆಗ ಗಾಡಿಯನ್ನು ದುರ್ಗಕ್ಕೆ ಇನ್ನೊಂದು ಟ್ರ್ಯಾಕ್ಟರಿನಿಂದ ಎಳೆಸಬೇಕಾಗುತ್ತದೆ. ಎಳೆಯುವವರಿಗೆ ಹಗ್ಗ ಕೆಳಗಿನ ಕೊಂಡಿಗೇ ಕಟ್ಟಲು ಹೇಳಿ. ಮೇಲೆ ಕಟ್ಟಿದರೆ ಅವರ ಗಾಡಿ ಮೂತಿಯೆತ್ತಿ ಹಿಂದಕ್ಕೆ ಮಗುಚುತ್ತದೆ. ಹೊರಡುವ ಮುಂಚೆ ಚಕ್ರಕ್ಕೆ ಕೊಟ್ಟ ಕಲ್ಲನ್ನೂ ತೆಗೆಯಿರಿ.