ರಂಧ್ರನಿರ್ಣಯ: ಸ್ವಗೃಹನಿರ್ಮಿತ ಬಾಸ್ ಪೆಟ್ಟಿಗೆಯ ಶಾಸ್ತ್ರವಿಚಾರ

ವಿಜಯದಶಮಿಯ ರಾತ್ರಿ ಮಡಿಕೇರಿಯ ಹತ್ತು ಮಂಟಪಗಳು ದೀಪಘೋಷಸಮೇತವಾಗಿ ಬೀದಿಗಿಳಿದಾಗ, ಕಿವಿಗಿಂತ ಮೊದಲು ಎದೆಗೂಡನ್ನೇ ತಟ್ಟುವ ಆ ಮಂದ್ರನಾದವನ್ನು ತನ್ನ ಜೀಪಿನ ಹಿಂಬದಿಯಲ್ಲಿಯೂ ಪ್ರತಿಷ್ಠಾಪಿಸಬೇಕೆಂಬ ಸಂಕಲ್ಪವು ಕೊಡಗಿನ ತರುಣನಲ್ಲಿ ಉದಿಸುವುದು ಸಹಜವೇ ಸರಿ. ಅಂಥವನ ಹಿತಾರ್ಥವಾಗಿ ಈ ವಿಚಾರ.

ಸರಳ ಬ್ಯಾಂಡ್‌ಪಾಸ್ ಪೆಟ್ಟಿಗೆಯಲ್ಲಿ ಕೋಣೆಗಳು ಎರಡು. ಸ್ಪೀಕರು ನಡುಗೋಡೆಯಲ್ಲಿ ಅಂತಃಪುರವಾಸಿ. ಹಿಂದಿನ ಕೋಣೆ ಸಂಪೂರ್ಣ ಮುಚ್ಚಿದ್ದು. ಮುಂದಿನದಕ್ಕೆ ಮಾತ್ರ ಪೋರ್ಟು, ಅರ್ಥಾತ್ ಪೈಪು ಕೂರಿಸಿದ ತೂತು. ನಾದವೆಲ್ಲ ಅದೊಂದರಿಂದಲೇ ಹೊರಡತಕ್ಕದ್ದಾದ್ದರಿಂದ ಪೆಟ್ಟಿಗೆಯ ಸಕಲ ಪಾಪಪುಣ್ಯಗಳೂ ಆ ತೂತಿನ ತಲೆಗೇ ಬರುತ್ತವೆ.

‘ತೂತು ಹೆಚ್ಚಿದಷ್ಟೂ ಬಾಸ್ ಹೆಚ್ಚು’ ಎಂಬುದು ಗ್ಯಾರೇಜುಗಳಲ್ಲಿ ಪ್ರಚಲಿತವಾದ ಪೂರ್ವಪಕ್ಷ. ಇದು ಅಗ್ರಾಹ್ಯ. ನಾದಸಂವೇದನೆಯನ್ನು ಕುರಿತು 1863ರಲ್ಲಿ ಉದ್ಗ್ರಂಥವನ್ನೇ ರಚಿಸಿದ ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ಮಹಾಶಯನ ಲೆಕ್ಕವನ್ನು ಅನುಸರಿಸಿದರೆ, 40 ಲೀಟರಿನ ಕೋಣೆಯು 50 ಹರ್ಟ್ಸಿನಲ್ಲಿ ಮೊಳಗಬೇಕಾದರೆ ನಾಲ್ಕಿಂಚಿನ ಪೈಪು ಸುಮಾರು 16 ಸೆಂಟಿಮೀಟರು ಉದ್ದವಿರಬೇಕು. ಅದೇ ಅಳತೆಯ ಇನ್ನೊಂದನ್ನು ಪಕ್ಕದಲ್ಲಿ ತುರುಕಿದವನಿಗೆ ಸ್ವರವು 70ಕ್ಕೆ ಏರಿ, ಬಯಸಿದ ಮಂದ್ರವೇ ಕೈತಪ್ಪುತ್ತದೆ. ಎರಡು ಪೈಪಿದ್ದರೆ ಗಾಳಿಯ ವೇಗ ತಗ್ಗಿ ‘ಫಸ್ ಫಸ್’ ಎಂಬ ಉಸಿರಾಟ ನಿಲ್ಲುವುದು ನಿಜವೇ. ಆದರೆ ಆಗ ಸ್ವರವನ್ನು 50ರಲ್ಲೇ ನಿಲ್ಲಿಸಲು ಒಂದೊಂದೂ 40 ಸೆಂಟಿಮೀಟರಾಗಿ, ತಾವೇ ಏಳು ಲೀಟರಿಗೂ ಮಿಕ್ಕ ಜಾಗವನ್ನು ನುಂಗಿ, ಪೆಟ್ಟಿಗೆಯೊಳಗೆ ಹಿಡಿಸದೆ, ಯಜಮಾನನನ್ನು ಎಲ್ಬೋ ತರಲು ಅಟ್ಟುತ್ತವೆ. ಅಂಗಡಿಯವರು ‘ಎಷ್ಟು ಬಾತ್‌ರೂಮು ಸಾರ್?’ ಎಂದು ವಿಚಾರಿಸುವರು. ಅಲ್ಲಿ ಮೌನವೇ ಶಾಸ್ತ್ರಸಮ್ಮತ.

ದೇಶಧರ್ಮವೂ ಒಂದುಂಟು. ಬಯಲುಸೀಮೆಯವರು ಮೆಚ್ಚುವ ಎಂಡಿಎಫ್ ಹಲಗೆಯು ಕೊಡಗಿನ ಕಕ್ಕಡ ಮಾಸದ ಮಳೆಯಲ್ಲಿ, ವಿಶೇಷತಃ ತೂತು ಕೊರೆದ ಹಸಿ ಅಂಚಿನಲ್ಲಿ, ನೀರುಂಡು ಇಡ್ಲಿಯಂತೆ ಉಬ್ಬುತ್ತದೆ; ಆದಕಾರಣ ಅಂಚಿಗೆ ವಾರ್ನಿಷು, ಸಂದಿಗೆ ಸಿಲಿಕೋನು ಅವಶ್ಯ. ಪೈಪಿನ ಒಳತುದಿಗೂ ಎದುರುಗೋಡೆಗೂ ಪೈಪಿನ ವ್ಯಾಸದಷ್ಟಾದರೂ ತೆರಪಿರಲಿ. ಮುಚ್ಚಳಕ್ಕೆ ಸ್ಕ್ರೂ ಹಾಕಬೇಕೇ ವಿನಾ ಅಂಟು ಬಳಿಯಕೂಡದು, ಏಕೆಂದರೆ ಪೈಪನ್ನು ಮೊದಲು ಉದ್ದವಾಗಿಯೇ ಕೊಯ್ದು, ಕೇಳಿ ಕೇಳಿ ತರಿಯುವುದು ಕ್ರಮ. ಗಿಡ್ಡವಾದ ಪೈಪಿಗೆ ಯಾವ ಸ್ಮೃತಿಯಲ್ಲಿಯೂ ಪ್ರಾಯಶ್ಚಿತ್ತವಿಲ್ಲ.

ಇನ್ನು ಪ್ರಯೋಗಕಾಲ. 2000ದ ಶಬ್ದಮಾಲಿನ್ಯ ನಿಯಮಗಳು ರಾತ್ರಿ 10ರಿಂದ ಬೆಳಗಿನ 6ರವರೆಗೆ ಧ್ವನಿವರ್ಧಕವನ್ನು ನಿರ್ಬಂಧಿಸಿವೆ. ಹಗಲಿನ ನಿರ್ಬಂಧವನ್ನು ಮನೆಯ ಅಜ್ಜಿ ನೋಡಿಕೊಳ್ಳುತ್ತಾರೆ.