‘ಸುರೇಶ ಎತ್ತಬೇಡ’

ನಿಮ್ಮ ಫೋನ್ ಒಂದ್ನಿಮಿಷ ತೆಗೀರಿ. ಮೆಸೇಜ್ ನೋಡೋಕಲ್ಲ ಮಾರಾಯ್ರೆ, ಅದು ಆಮೇಲೆ. ಕಾಂಟ್ಯಾಕ್ಟ್ಸ್ ಒಳಗೆ ಹೋಗಿ. ‘ಮಂಜು ಹೊಸದು’ ಅಂತ ಒಂದು ಇದೆಯಾ? ಅದರ ಕೆಳಗೆ ‘ಮಂಜು ಹೊಸದು 2’? ‘ಪ್ಲಂಬರ್ ಒಳ್ಳೆಯವನು’? (ಹಾಗಾದ್ರೆ ಬರೀ ‘ಪ್ಲಂಬರ್’ ಅಂತ ಇರೋನ ಗತಿ ಏನು ಅಂತ ನಾನು ಕೇಳಲ್ಲ.)

ನನ್ನ ಫೋನಿನಲ್ಲಿ ‘ಸುರೇಶ ಎತ್ತಬೇಡ’ ಅಂತ ಒಂದು ಹೆಸರಿದೆ. ಬರೆದವನು ನಾನೇ. ಯಾವ ಸುರೇಶ, ಯಾವತ್ತು ಬರೆದೆ, ಯಾಕೆ ಎತ್ತಬಾರದು, ಒಂದೂ ನೆನಪಿಲ್ಲ. ಆದರೂ ಮೂರು ವರ್ಷದಿಂದ ಎತ್ತಿಲ್ಲ. ನಮ್ಮನೇಲಿ ನನ್ನ ಮಾತನ್ನ ಇಷ್ಟು ನಿಯತ್ತಾಗಿ ಕೇಳಿದವನು ನಾನೊಬ್ಬನೇ.

ಹೇಳಬೇಕಾದ್ದನ್ನ ಇನ್ನೊಂದು ರೂಪಕ್ಕೆ ಇಳಿಸಿ ಇಟ್ಟುಕೊಳ್ಳೋ ಈ ಕೆಲಸಕ್ಕೆ ಓದಿದವರು ಎನ್‌ಕೋಡಿಂಗ್ ಅಂತಾರೆ. ಕನ್ನಡದಲ್ಲಿ ‘ಸಂಕೇತೀಕರಣ’ (ಇನ್ನೊಂದು ಸಲ ಓದಿ ನೋಡಿ, ಬಿಡಿಸಿ ಹೇಳಬೇಕಾದ ಪದವೇ ಗಂಟಾಗಿ ಕೂತಿದೆ). ಕಂಪ್ಯೂಟರಿನವರಿಗೆ ಅದು ಒಂದು, ಟಿವಿ-ಪೇಪರ್ ಬಗ್ಗೆ ಪಾಠ ಮಾಡೋರಿಗೆ ಇನ್ನೊಂದು, ಮನಶ್ಶಾಸ್ತ್ರದವರಿಗೆ ಮತ್ತೊಂದು.

ನಮ್ಮ ದೊಡ್ಡಮ್ಮ ಮಾತ್ರ ಮೂರನ್ನೂ ಸೇರಿಸಿ ಸೆರಗಿನ ತುದಿಗೆ ಒಂದು ಗಂಟು ಹಾಕ್ಕೊಂಡು ಬಿಡ್ತಿದ್ದರು. ಬೆಳಿಗ್ಗೆ ಗಂಟು. ಸಾಯಂಕಾಲ ನಮ್ಮನ್ನೆಲ್ಲ ಜಗಲಿ ಮೇಲೆ ಕೂರಿಸಿ, ‘ಇದನ್ನ ಎಂತಕ್ಕೆ ಕಟ್ಟಿದ್ದೆ, ಯಾರಿಗಾದ್ರೂ ನೆನಪಿದ್ಯನ್ರೋ?’ ಅಂತ ವಿಚಾರಣೆ. ಗಂಟು ಮಾತ್ರ ಹಲ್ಲಿನಲ್ಲಿ ಕಚ್ಚಿ ಬಿಚ್ಚುವಷ್ಟು ಬಿಗಿ ಇರ್ತಿತ್ತು.

ನಗಬೇಡಿ. ನೀವು ಚಿಕ್ಕವರಿದ್ದಾಗ ‘ಕ’ ಭಾಷೆ ಆಡಿಲ್ವಾ? ‘ಕನಾಕಳೆ ಕಬಾ’ ಅಂದ್ರೆ ‘ನಾಳೆ ಬಾ’. ದೊಡ್ಡವರಿಗೆ ಏನೂ ತಿಳಿಯಲ್ಲ ಅಂತ ಅವರೆದುರೇ ಮಾವಿನಕಾಯಿ ಕದಿಯೋ ಪ್ಲಾನ್ ಮಾಡ್ತಿದ್ರಿ. ಅವರೂ ಒಂದು ಕಾಲದಲ್ಲಿ ಚಿಕ್ಕವರಾಗಿದ್ದರು, ಅವರೂ ಇದೇ ಭಾಷೆಯಲ್ಲಿ ಇದೇ ಮರದ ಕಾಯಿ ಕದ್ದಿದ್ದರು ಅನ್ನೋದು ನಿಮ್ಮ ತಲೆಗೆ ಹೊಳೆದೇ ಇರಲಿಲ್ಲ.

ಈಗ ಕಂಪ್ಯೂಟರಿಗೆ ಬನ್ನಿ. ಅದಕ್ಕೆ ಅಕ್ಷರಾಭ್ಯಾಸ ಆಗಿಲ್ಲ, ಬರೀ ನಂಬರ್ ಗೊತ್ತು. ಯಾವ ಅಕ್ಷರಕ್ಕೆ ಯಾವ ನಂಬರ್ ಅಂತ ಅಮೆರಿಕದವರು 1963ರಲ್ಲಿ ಆಸ್ಕಿ ಅಂತ ಒಂದು ಪಟ್ಟಿ ಮಾಡಿದರು. ಆ ಪಟ್ಟಿ ಬೆಳೆದು ನಿಂತಿದ್ದು 128 ಮನೆಗಳಿಗೆ. ಎ ಬಿ ಸಿ ಡಿ, ಅಂಕಿ, ಕಾಮಾ, ಫುಲ್‌ಸ್ಟಾಪ್ ಎಲ್ಲ ಆರಾಮಾಗಿ ಕೂತವು. ನಮ್ಮ ಅಆಇಈಗೆ? ಮನೆ ಖಾಲಿ ಇಲ್ಲ.

ಹಾಗಂತ ಕನ್ನಡಿಗರು ಸುಮ್ಮನೆ ಕೂರ್ತಾರಾ? ಬಾಡಿಗೆಗೆ ಹೋದ್ವಿ. ಇಂಗ್ಲಿಷಿನ, ಯುರೋಪಿನ ಅಕ್ಷರಗಳ ಮನೆಗೇ ನುಗ್ಗಿ, ಹೊರಗಡೆ ಮಾತ್ರ ಕನ್ನಡದ ಬೋರ್ಡ್ ಹಾಕಿಕೊಂಡ್ವಿ. ನುಡಿ, ಬರಹ ತಂತ್ರಾಂಶಗಳ ಹಳೇ ಫಾಂಟುಗಳು ಮಾಡ್ತಿದ್ದದ್ದು ಇದನ್ನೇ. ನಿಮ್ಮ ಕಣ್ಣಿಗೆ ‘ಕ’. ಯಂತ್ರದ ಹೊಟ್ಟೆಯೊಳಗೆ ಇಂಗ್ಲಿಷಿನ ಪಿ. ಫಾಂಟ್ ಇರೋ ತನಕ ಮಾನ, ಫಾಂಟ್ ಹೋದರೆ ಮಾನವೂ ಹೋಯ್ತು.

ನಮ್ಮ ಮಾನ ಹೋಗಿದ್ದು ಅಕ್ಕನ ಮಗಳ ಮದುವೆಯಲ್ಲಿ. ಊರಿನ ಪ್ರೆಸ್ಸಿನವನು ಲಗ್ನಪತ್ರಿಕೆಯ ಕರಡನ್ನ ಮೇಲ್ ಮಾಡಿದ್ದ. ಅಂಥ ಫೈಲನ್ನ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆಗೆದರೆ ‘ಕನ್ನಡ’ ಅನ್ನೋ ಪದ ಹೇಗೆ ಕಾಣುತ್ತೆ ಗೊತ್ತಲ್ಲ? ಮೊದಲು ದೊಡ್ಡ ಪಿ. ಪಕ್ಕದಲ್ಲಿ ತಲೆ ಮೇಲೆ ಓರೆ ಗೆರೆ ಹೊತ್ತ ಒಂದು ಎ. ಆಮೇಲೆ ಬ್ರಿಟನ್ನಿನ ಪೌಂಡ್ ಗುರುತು, ಮತ್ತೆ ಗೆರೆ ಹೊತ್ತ ಎ, ಜರ್ಮನರ ಜೋಡಿ ಎಸ್, ಒಂದು ಸಣ್ಣ ಕ್ಯೂ, ಕೊನೆಗೆ ಇನ್ನೊಂದು ಗೆರೆಯ ಎ.

ಅಂದ್ರೆ ‘ನ’ ಬಂದಲ್ಲೆಲ್ಲ ಪೌಂಡ್! ಲಗ್ನಪತ್ರಿಕೆಯಲ್ಲಿ ‘ನ’ಕ್ಕೇನು ಬರವೇ? ವಿನಂತಿ, ಆಗಮನ, ಆಹ್ವಾನ... ಪುಟದ ತುಂಬ ಪೌಂಡೇ ಪೌಂಡು. ಭಾವ ಅದನ್ನ ನೋಡಿ, ಛತ್ರದ ಬಿಲ್ ಫಾರಿನ್ ದುಡ್ಡಲ್ಲಿ ಬಂದಿದೆ ಅಂತ ತಿಳಿದು ಕುರ್ಚಿ ಹಿಡಿದು ಕೂತರು. ಪ್ರೆಸ್ಸಿಗೆ ಫೋನ್ ಮಾಡಿದರೆ ಉತ್ತರ ಏನು ಗೊತ್ತಾ? ‘ನಮ್ಮಲ್ಲಿ ಸರಿ ಕಾಣ್ತಿದೆ ಸಾರ್.’

ಈ ವಾಕ್ಯ ಒಂಚೂರು ನೆನಪಿಟ್ಟುಕೊಳ್ಳಿ. ಮುಂದೆ ಬೇಕಾಗುತ್ತೆ. (ಗಂಟು ಹಾಕ್ಕೊಳ್ಳಿ ಬೇಕಾದ್ರೆ.)

ಈಗ ಯೂನಿಕೋಡ್ ಅನ್ನೋ ಇನ್ನೊಂದು ಪಟ್ಟಿ ಬಂದು ಕನ್ನಡಕ್ಕೇ ಅಂತ 128 ಸೈಟಿನ ಒಂದು ಲೇಔಟ್ ಆಗಿದೆ. ‘ಕ’ಕ್ಕೆ ಸ್ವಂತ ಡೋರ್ ನಂಬರ್, 3221. ಆದರೂ ‘ಕನ್ನಡ’ ಅಂದ್ರೆ ಮೂರಕ್ಷರ ಅಂತ ನೀವು ನಾನು ತಿಳ್ಕೊಂಡಿದ್ದೀವಿ, ಯಂತ್ರದ ಲೆಕ್ಕದಲ್ಲಿ ಐದು. ಕ, ನ, ಒತ್ತಿಗೊಂದು ಗುರುತು, ಇನ್ನೊಂದು ನ, ಡ. ಯುಟಿಎಫ್-8 ಅನ್ನೋ ಪದ್ಧತಿಯಲ್ಲಿ ಒಂದೊಂದಕ್ಕೂ ಮೂರು ಬೈಟ್, ಒಟ್ಟು ಹದಿನೈದು. ಅದೇ ಪದವನ್ನ ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ಏಳಕ್ಕೇ ಮುಗೀತು. ಹಳೇ ಎಸ್ಸೆಮ್ಮೆಸ್ಸೂ ಹಾಗೇ, ಇಂಗ್ಲಿಷಾದ್ರೆ 160 ಅಕ್ಷರ, ಕನ್ನಡವಾದ್ರೆ 70. ರಾಜ್ಯೋತ್ಸವಕ್ಕೆ ಶುಭಾಶಯ ಕಳಿಸೋದೂ ನಮಗೆ ದುಬಾರಿಯೇ ಆಗಿತ್ತು.

ಇನ್ನು ‘ಸೂರ್ಯ’ನಿಗೆ ಅರ್ಕಾವೊತ್ತು ಬೇಕು, ‘ರ‍್ಯಾಂಕ್’ಗೆ ಬೇಡ. ಬೇಡ ಅಂತ ಯಂತ್ರಕ್ಕೆ ತಿಳಿಸೋಕೆ ನಡುವೆ ಕಣ್ಣಿಗೇ ಕಾಣದ ಒಂದು ಅಕ್ಷರ ಕೂರಿಸಬೇಕು. (ಮಗ ರ‍್ಯಾಂಕ್ ತರಲಿಲ್ಲ ಅಂತ ಬೈಯೋ ಮುಂಚೆ, ಆ ಪದವನ್ನ ನೀವು ನೆಟ್ಟಗೆ ಟೈಪ್ ಮಾಡಿ ತೋರಿಸಿ ನೋಡೋಣ.)

ಇಷ್ಟೆಲ್ಲ ಪಾಡುಪಟ್ಟು ಸ್ವಂತ ಮನೆ ಮಾಡಿಕೊಟ್ಟರೆ ನೀವು ಮಾಡೋದೇನು? ವಾಟ್ಸಾಪಿನಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ. ‘ಎಂ ಎ ಎಲ್ ಇ’ ಅಂತ ಬರೀತೀರಿ. ಅದು ಮಳೆಯೋ, ಮಲೆಯೋ, ಮಾಲೆಯೋ? ಇಂಗ್ಲಿಷಾಗಿ ಓದಿದರೆ ಗಂಡಸು. ‘ಇಲ್ಲಿ ನಿನ್ನೆ ರಾತ್ರಿ ಒಂದೇ ಸಮ ಬಂತು’ ಅಂತ ಬೇರೆ ಮುಂದೆ ಸೇರಿಸ್ತೀರಿ.

ಅದಾದರೂ ವಾಸಿ. ‘ಏನೇ ಕಷ್ಟ ಇದ್ರೂ ನಂಗೆ ಹೇಳು’ ಅಂತ ಕರುಳು ಮಿಡಿದು ಬರೀತೀರಲ್ಲ, ‘ಎಚ್ ಇ ಎಲ್ ಯು’ ಅಂತ, ಅಲ್ಲಿ ಳ ಬಿಟ್ಟು ಲ ಓದಿಕೊಂಡರೆ ಏನಾಗುತ್ತೆ ಅಂತ ನಾನಂತೂ ಹೇಳಲ್ಲ. (ಈ ‘ಹೇಳಲ್ಲ’ವನ್ನೂ ಕನ್ನಡ ಲಿಪಿಯಲ್ಲೇ ಬರೆಯೋದು ಕ್ಷೇಮ.) ಕೇಳಿದರೆ ನಿಮ್ಮ ಉತ್ತರವೂ ಅದೇ ತಾನೆ? ನಮ್ಮಲ್ಲಿ ಸರಿ ಕಾಣ್ತಿದೆ ಸಾರ್.

ಮಾತಿನ ವಿಷಯದಲ್ಲಿ ನಾವು ಇದಕ್ಕಿಂತ ಕಿಲಾಡಿಗಳು. ದನದ ಜಾತ್ರೆಯಲ್ಲಿ ದಲ್ಲಾಳಿಗಳು ಟವೆಲ್ ಅಡಿಯಲ್ಲಿ ಕೈ ಇಟ್ಟುಕೊಂಡು ಬೆರಳು ಅದುಮಿ ರೇಟ್ ಮಾತಾಡೋದು ನೋಡಿದ್ದೀರಾ? ಸುತ್ತ ಹತ್ತು ಜನ ನಿಂತಿದ್ದರೂ ಸಾವಿರಗಟ್ಟಲೆ ವ್ಯವಹಾರ ತುಟಿ ಅಲ್ಲಾಡದೆ ಮುಗೀತದೆ. ಎತ್ತಿಗೂ ಗೊತ್ತಾಗಲ್ಲ, ಅದರ ಬೆಲೆ ಎಷ್ಟಕ್ಕೆ ನಿಂತಿತು ಅಂತ.

ಟೆಲಿಗ್ರಾಮಿನವರ ಮೋರ್ಸ್ ಕೋಡಿನಲ್ಲಿ ಇನ್ನೊಂದು ಜಾಣತನ. ಇಂಗ್ಲಿಷಿನಲ್ಲಿ ಪದೇ ಪದೇ ಬರೋ ಇ ಅಕ್ಷರಕ್ಕೆ ಒಂದೇ ಒಂದು ಚುಕ್ಕಿ. ಅಪರೂಪದ ಕ್ಯೂಗೆ ಗೆರೆ, ಗೆರೆ, ಚುಕ್ಕಿ, ಗೆರೆ. ಹೆಚ್ಚು ಬಳಸೋದಕ್ಕೆ ಕಮ್ಮಿ ಶ್ರಮ. ಭಾರತದಲ್ಲಿ ಟೆಲಿಗ್ರಾಮ್ 2013ರ ಜುಲೈನಲ್ಲಿ ನಿಂತೇ ಹೋಯಿತು, ಆದರೆ ಆ ಸೂತ್ರ ನಿಮ್ಮ ಮನೇಲಿ ಇನ್ನೂ ಜೀವಂತ. ಪೇಪರಿನಿಂದ ತಲೆ ಎತ್ತದೆ ದಿನಕ್ಕೆ ನಲವತ್ತು ಸಲ ಅಂತೀರಲ್ಲ, ‘ಹೂಂ’ ಅಂತ. ಅದೇ ಆ ಚುಕ್ಕಿ.

1948ರಲ್ಲಿ ಕ್ಲಾಡ್ ಶಾನನ್ ಅನ್ನೋ ಮಹಾನುಭಾವ ಸಂದೇಶ ಕಳಿಸೋದಕ್ಕೇ ಒಂದು ಗಣಿತ ಕಟ್ಟಿದ. ಕಳಿಸಿದ್ದು ಅತ್ತ ಕಡೆ ಹಾಗ್ಹಾಗೇ ತಲುಪಬೇಕು, ಅದರ ಅರ್ಥ ಏನು ಅನ್ನೋದು ಎಂಜಿನಿಯರನ ತಲೆನೋವಲ್ಲ ಅಂದ. ‘ಹೂಂ’ ಅನ್ನೋ ಗಂಡಸರೆಲ್ಲ ಅವನ ಫೋಟೋ ಇಟ್ಟು ಪೂಜೆ ಮಾಡಬೇಕು. ಸಂದೇಶ ಬಂತು, ರಸೀದಿ ಕೊಟ್ಟಾಯ್ತು. ತರಬೇಕಾಗಿದ್ದ ಕೊತ್ತಂಬರಿ ಸೊಪ್ಪು ಅರ್ಥದ ವಿಭಾಗಕ್ಕೆ ಸೇರಿದ್ದು.

ಅರ್ಥದ ತಲೆನೋವು ಮೈಮೇಲೆ ಎಳಕೊಂಡವರು ಸ್ಟುವರ್ಟ್ ಹಾಲ್. ಬರ್ಮಿಂಗ್‌ಹ್ಯಾಮಿನಲ್ಲಿದ್ದ ಮೇಷ್ಟ್ರು. 1973ರಲ್ಲಿ ಟಿವಿ ಬಗ್ಗೆ ಬರೀತಾ ಅವರು ಹೇಳಿದ್ದು ಇಷ್ಟು: ಕಳಿಸೋನು ಒಂದು ಅರ್ಥ ತುಂಬಿ ಕಳಿಸ್ತಾನೆ, ನೋಡೋನು ಅದನ್ನ ಹಾಗೇ ಒಪ್ಪಬಹುದು, ಅರ್ಧ ಒಪ್ಪಿ ಚೌಕಾಶಿ ಮಾಡಬಹುದು, ಇಲ್ಲಾ ಪೂರ್ತಿ ಉಲ್ಟಾ ಓದಬಹುದು. ಅವರಿಗೆ ಅದಕ್ಕೆ ಟಿವಿ ಬೇಕಾಯ್ತು. ನಮಗೆ ‘ಒಂದ್ಸಲ ಮನೆಗೆ ಬನ್ನಿ’ ಅನ್ನೋ ಮೂರು ಪದ ಸಾಕು.

ಹೋಗೋವಾಗ ನಾವು ‘ಹೋಗ್ತೀನಿ’ ಅಂತೀವಾ? ‘ಬರ್ತೀನಿ’ ಅಂತೀವಿ, ಅಂದು ಹೋಗ್ತೀವಿ. ಬಳೆ ಒಡೆದರೆ ‘ಹೆಚ್ಚಿತು’. ದೀಪ ಆರಿಸೋದಿಲ್ಲ, ‘ಶಾಂತ ಮಾಡೋದು’. ಸಾಲ ಕೇಳಿದವನಿಗೆ ‘ನೋಡೋಣ’ ಅಂದ್ರೆ ಯಾರೂ ಏನೂ ನೋಡೋದಿಲ್ಲ ಅಂತ ಅರ್ಥ. ಇನ್ನು ‘ಐದೇ ನಿಮಿಷ, ದಾರೀಲಿದ್ದೀನಿ’... (ನಲ್ಲಿ ನೀರಿನ ಸದ್ದು ನಮಗೂ ಕೇಳಿಸ್ತಿರುತ್ತೆ. ಮೊದಲು ಸ್ನಾನ ಮುಗಿಸಿ.)

ಸರಿ, ಈಗ ನಿಮ್ಮ ತಲೆಯೊಳಗೆ ಇಣುಕೋಣ. ಐವತ್ತು ರೂಪಾಯಿಯ ಹೊಸ ನೋಟಿನ ಹಿಂದೆ ಏನು ಚಿತ್ರ ಇದೆ? ಜೇಬಿಗೆ ಕೈ ಹಾಕಬೇಡಿ! ಕೆಂಪುಕೋಟೆಯಾ? ಅದು ಐನೂರರದ್ದು. ಸಾಂಚಿ ಸ್ತೂಪವಾ? ಅದು ಇನ್ನೂರರದ್ದು. ಐವತ್ತರ ಬೆನ್ನ ಮೇಲಿರೋದು ನಮ್ಮದೇ ಹಂಪಿ ಮಾರಾಯ್ರೆ, ಕಲ್ಲಿನ ರಥ. ಅದರ ಮುಂದೆ ನಿಂತು ಸೆಲ್ಫಿ ತಕ್ಕೊಂಡು ಬಂದಿದ್ದೀರಿ, ಬರೋ ದಾರೀಲಿ ಎಳನೀರಿಗೆ ಆ ನೋಟನ್ನೇ ಕೊಟ್ಟಿದ್ದೀರಿ.

ನಾಚಿಕೆ ಬೇಡ. 1979ರಲ್ಲಿ ಅಮೆರಿಕದಲ್ಲಿ ನಿಕರ್ಸನ್, ಆಡಮ್ಸ್ ಅಂತ ಇಬ್ಬರು ಅಲ್ಲಿನ ಜನಕ್ಕೆ ಅವರದ್ದೇ ಒಂದು ಸೆಂಟಿನ ನಾಣ್ಯದ ಚಿತ್ರ ಬರೀರಿ ಅಂದರು, ಹಲವು ಚಿತ್ರ ಮುಂದಿಟ್ಟು ಸರಿಯಾದದ್ದನ್ನ ಗುರುತಿಸಿ ಅಂದರು. ಹೆಚ್ಚಿನವರು ಎಡವಿದರು. ಮನಶ್ಶಾಸ್ತ್ರದವರು ಹೇಳೋದು, ಗಮನ ಕೊಡದೆ ನೋಡಿದ್ದು ಒಳಗೆ ದಾಖಲೇ ಆಗಿರಲ್ಲ ಅಂತ. ಗ್ಯಾಸ್ ಆಫ್ ಮಾಡಿದ್ನಾ ಅಂತ ಬಸ್‌ಸ್ಟ್ಯಾಂಡಿನಿಂದ ವಾಪಸ್ ಓಡ್ತೀರಲ್ಲ, ನೀವು ಮರೆಗುಳಿ ಅಂತ ಬೇಜಾರು ಬೇಡ. ಮರೆಯೋಕೆ ಮೊದಲು ಒಳಗೆ ಬರೆದಿರಬೇಕಲ್ಲ! ನಾಬ್ ತಿರುಗಿಸಿದ್ದು ಕೈ, ನೀವು ಆಗಲೇ ಆಫೀಸಿನಲ್ಲಿ ಯಾರ ಜೊತೆಗೋ ಮನಸ್ಸಲ್ಲೇ ಜಗಳ ಆಡ್ತಿದ್ರಿ.

ಅಡುಗೆಮನೆಗೆ ಹೋಗಿ ‘ಎಂತಕ್ಕೆ ಬಂದೆ?’ ಅಂತ ನಿಲ್ಲೋದಕ್ಕೂ ಒಂದು ಉಪಾಯ ಇದೆ. 1975ರಲ್ಲಿ ಗಾಡನ್, ಬ್ಯಾಡ್ಲಿ ಅನ್ನೋರು ಮುಳುಗುಗಾರರಿಗೆ ನೀರಿನ ಕೆಳಗೆ ಪದಗಳ ಪಟ್ಟಿ ಕಲಿಸಿದರು. ನೀರೊಳಗೆ ಕಲಿತದ್ದು ದಡಕ್ಕಿಂತ ನೀರೊಳಗೇ ಚೆನ್ನಾಗಿ ನೆನಪಾಯಿತು. ನೀವೂ ಎಲ್ಲಿ ಕೂತು ಯೋಚನೆ ಮಾಡಿದ್ರೋ ಆ ಸೋಫಾಕ್ಕೇ ವಾಪಸ್ ಹೋಗಿ ಕೂತು ನೋಡಿ. (ಕೂತ ಮೇಲೆ ಏಳಲ್ಲ, ಅದು ಬೇರೆ ಮಾತು.)

ನಿಮ್ಮ ಮೊಬೈಲ್ ನಂಬರನ್ನ ಹೇಗೆ ಹೇಳ್ತೀರಿ? ಐದೈದಾ, ಎರಡೆರಡಾ? ಪಾರ್ಸೆಲ್ ಹುಡುಗ ಅದನ್ನೇ ಮೂರು-ಮೂರು-ನಾಲ್ಕು ಅಂತ ಮುರಿದು ಓದಿದರೆ ‘ಅಲ್ಲಪ್ಪ, ಅದು ನಂದಲ್ಲ’ ಅಂತೀರಿ, ಹೌದಾ? ಬಿಡಿ ಅಂಕಿಗಳನ್ನ ಗುಂಪು ಕಟ್ಟಿಟ್ಟುಕೊಳ್ಳೋದು ತಲೆಯ ಹಳೇ ಚಾಳಿ, ಜಾರ್ಜ್ ಮಿಲ್ಲರ್ 1956ರಲ್ಲೇ ಅದರ ಮೇಲೆ ಬರೆದಿದ್ದಾರೆ. ಗುಂಪಿನ ಗಡಿ ಬದಲಾದರೆ ಸ್ವಂತ ನಂಬರೂ ಪರಕೀಯ.

ನಮ್ಮ ಹಿರೀಕರು ಅಂಕಿ ನೆನಪಿಟ್ಟುಕೊಳ್ಳೋಕೆ ಸೊಗಸಾದ ದಾರಿ ಮಾಡಿದ್ದರು, ಅಕ್ಷರಕ್ಕೊಂದು ಅಂಕಿ ಕೊಡೋ ಕಟಪಯಾದಿ. ಕ, ಟ, ಪ, ಯ ಎಲ್ಲಕ್ಕೂ ಒಂದು, ಅಲ್ಲಿಂದ ಮುಂದಕ್ಕೆ ಎಣಿಸೋದು. ಕಲ್ಯಾಣಿ ರಾಗಕ್ಕೆ ಮೇಳಕರ್ತ ರಾಗಗಳ ಪಟ್ಟಿಯಲ್ಲಿ ಮೇಚಕಲ್ಯಾಣಿ ಅಂತ ಹೆಸರಿದೆಯಲ್ಲ, ಯಾಕೆ? ಪ ದಿಂದ ಎಣಿಸಿದರೆ ಮ ಐದನೇದು. ಕ ದಿಂದ ಎಣಿಸಿದರೆ ಚ ಆರನೇದು. ಐದು, ಆರು. ಬಲದಿಂದ ಎಡಕ್ಕೆ ಓದಿದರೆ 65. ಎಪ್ಪತ್ತೆರಡು ಮೇಳಗಳಲ್ಲಿ ಅದು ಅರವತ್ತೈದನೆಯದೇ! ಧೀರಶಂಕರಾಭರಣ? ಧ ಒಂಬತ್ತು, ರ ಎರಡು, ತಿರುಗಿಸಿ, 29. ರಾಗಕ್ಕೆ ಹೆಸರಿಟ್ಟು ಬಾಗಿಲಿಗೇ ಡೋರ್ ನಂಬರ್ ಬರೆದುಬಿಟ್ಟಿದ್ದಾರೆ.

ಮತ್ತೆ ನೀವು? ಎಟಿಎಂ ಪಿನ್ನನ್ನ ಫೋನಿನಲ್ಲಿ ‘ಆತ್ಮಾರಾಮ ಮಾಮ’ ಅಂತ ಸೇವ್ ಮಾಡಿಟ್ಟಿದ್ದೀರಿ. ಸುಳ್ಳು ಹೇಳಬೇಡಿ, ನಾನೂ ಇಟ್ಟಿದ್ದೆ. ಹತ್ತು ಅಂಕಿಯ ಕಳ್ಳ ನಂಬರ್, ಅದರಲ್ಲಿ ಯಾವುದೋ ನಾಲ್ಕು ಪಿನ್. ಮೊದಲ ನಾಲ್ಕಾ, ಕೊನೆಯ ನಾಲ್ಕಾ? ಮೂರು ಸಲ ತಪ್ಪು ಒತ್ತಿ ಕಾರ್ಡ್ ಬ್ಲಾಕ್ ಆಯಿತು. ಅಮ್ಮ ಒಂದಿನ ‘ಈ ಆತ್ಮಾರಾಮ ಯಾರೋ, ಮದುವೆಗೆ ಕರೀಲಿಲ್ವಲ್ಲೋ’ ಅಂತ ಆ ನಂಬರಿಗೆ ಫೋನನ್ನೂ ಮಾಡಿದ್ದರು.

ಅಯ್ಯೋ, ಇಷ್ಟು ಬರೆಯೋ ಹೊತ್ತಿಗೆ ಫೋನ್ ಬಡಕೊಳ್ತಿದೆ. ‘ಸುರೇಶ ಎತ್ತಬೇಡ’. ಬರೆಯೋ ಹುರುಪಿನಲ್ಲಿದ್ದೆ ನೋಡಿ, ನಿಮಗೋಸ್ಕರ ಅಂತ ಎತ್ತೇಬಿಟ್ಟೆ. ‘ಸಾರ್, ಯಾರು ಅಂತ ಗೊತ್ತಾಯ್ತಾ?’ ಅಂದ. ‘ಗೊತ್ತಾಗದೆ ಏನಪ್ಪಾ!’ ಅಂದೆ. (ನೀವಾಗಿದ್ರೂ ಇದನ್ನೇ ಅಂತಿದ್ರಿ.)

ನಲವತ್ತು ನಿಮಿಷ. ಯಾವುದೋ ಲೇಔಟು, ಕಾರ್ನರ್ ಸೈಟು, ಪೂರ್ವಕ್ಕೆ ಬಾಗಿಲು, ಈ ವಾರ ಅಡ್ವಾನ್ಸ್ ಕೊಟ್ಟರೆ ಮಾತ್ರ ಈ ರೇಟು ಸಾರ್... ಕೊನೆಗೆ ‘ನೋಡೋಣ’ ಅಂದೆ. ಅವನು ಅದನ್ನ ನಿಜವಾಗಿಯೂ ‘ನೋಡೋಣ’ ಅಂತಲೇ ತಿಳಕೊಂಡು, ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಕಾರು ಕಳಿಸ್ತಾನಂತೆ.

ಇಟ್ಟ ತಕ್ಷಣ ಕಾಂಟ್ಯಾಕ್ಟ್ಸ್‌ಗೆ ಹೋಗಿ ಹೆಸರು ತಿದ್ದಿದೆ. ಈಗ ಅದು ‘ಸುರೇಶ ಎತ್ತಲೇಬೇಡ’. ಯಾಕೆ ಅಂತಲೂ ಪಕ್ಕದಲ್ಲಿ ಬರೆಯಬಹುದಿತ್ತು. ಎಂತಕ್ಕೆ ಬಿಡಿ, ನೆನಪಿರುತ್ತೆ.